ಆ್ಯಂಡ್‌ಗೆ ಮುಂಚೆ ಕಾಮಾ ಹಾಕಬೇಕಾ, ಬೇಡವಾ?

'ರೈಸ್, ದಾಲ್, ಆ್ಯಂಡ್ ಸಾಲ್ಟ್' ಅಂತ ಇಂಗ್ಲಿಷ್‌ನಲ್ಲಿ ಬರೆದರೆ ದಾಲ್ ಆದಮೇಲೆ ಒಂದು ಕಾಮಾ ಇದೆಯಲ್ಲ, ಜಗಳ ಅದರದ್ದು. ಸೀರಿಯಲ್ ಕಾಮಾ ಅಂತ ಅದರ ಹೆಸರು. ಆಕ್ಸ್‌ಫರ್ಡ್ ಕಾಮಾ ಅಂತಲೂ ಕರೆಯುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಒಂದೇ ಮಾತು: ಆ್ಯಂಡ್ ಬಂತು ಅಂದರೆ ಕಾಮಾ ಬೇಡ. ಆಮೇಲೆ ಬೆಂಗಳೂರಿನ ಯಾವುದೋ ಕಂಪನಿ ಸೇರಿ ಅಮೆರಿಕದ ಕ್ಲೈಂಟ್‌ಗೆ ಡಾಕ್ಯುಮೆಂಟ್ ಕಳಿಸಿದರೆ, ಅವರು ಪ್ರತಿ ಪಟ್ಟಿಗೂ ಒಂದೊಂದು ಕಾಮಾ ಸೇರಿಸಿ, ಕೆಂಪು ಮಾಡಿ ವಾಪಸ್ ಕಳಿಸುತ್ತಾರೆ. ಅದನ್ನೇ ಕಲಿತುಕೊಂಡು ಲಂಡನ್ನಿನ ಇನ್ನೊಬ್ಬರಿಗೆ ಬರೆದರೆ ಅವರು ಅಷ್ಟನ್ನೂ ಕಿತ್ತು ಹಾಕುತ್ತಾರೆ.

ಎರಡೂ ಕಡೆಯವರು ಸರಿಯೇ. ಇದು ವ್ಯಾಕರಣದ ತಪ್ಪು ಒಪ್ಪಿನ ವಿಷಯ ಅಲ್ಲ, ರೂಢಿಯ ವಿಷಯ. ಹಾಗಂತ ಮನಸ್ಸಿಗೆ ಬಂದ ಹಾಗೆ ಬರೆಯಿರಿ ಅಂತಲ್ಲ. ಯಾವಾಗ ಹಾಕಬೇಕು, ಯಾವಾಗ ಬಿಡಬೇಕು, ಯಾವಾಗ ಕಾಮಾನ ನಂಬದೆ ವಾಕ್ಯವನ್ನೇ ಬದಲಿಸಬೇಕು ಅಂತ ನಾನು ನೋಡುವ ಕ್ರಮ ಇಲ್ಲಿದೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ಕಣ್ಣು ಕಾಮಾ ಮೇಲಿರಲಿ, ಸಾಕು.

ಮೊದಲು, ಅದು ಸೀರಿಯಲ್ ಕಾಮಾನೇನಾ ನೋಡಿ

ಪಟ್ಟಿಯಲ್ಲಿ ಎಷ್ಟು ಇದೆ ಎಣಿಸಿ. ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಈ ಚರ್ಚೆ. ಎರಡೇ ಇದ್ದರೆ ಕಾಮಾ ಇಲ್ಲ. 'ರೈಸ್ ಆ್ಯಂಡ್ ದಾಲ್', ಮುಗಿಯಿತು. ಸೀರಿಯಲ್ ಕಾಮಾ ಹೊಸದಾಗಿ ಕಲಿತವರು ಉತ್ಸಾಹದಲ್ಲಿ 'ರೈಸ್, ಆ್ಯಂಡ್ ದಾಲ್' ಅಂತ ಶುರು ಮಾಡುತ್ತಾರೆ. ಅದು ಯಾವ ಕಡೆಯವರಿಗೂ ಸರಿ ಕಾಣುವುದಿಲ್ಲ.

ಇನ್ನೊಂದು ಕಾಮಾ ಇದೆ, ನೋಡೋಕೆ ಥೇಟ್ ಹೀಗೇ ಇರುತ್ತದೆ. 'ದ ಬಸ್ ವಾಸ್ ಲೇಟ್, ಆ್ಯಂಡ್ ವಿ ಮಿಸ್ಡ್ ದ ಟ್ರೇನ್.' ಇಲ್ಲಿ ಪಟ್ಟಿಯೇ ಇಲ್ಲ. ಎರಡು ಪೂರ್ತಿ ವಾಕ್ಯಗಳನ್ನು ಆ್ಯಂಡ್ ಹಾಕಿ ಜೋಡಿಸಿದೆ, ನಡುವಿನ ಕಾಮಾ ಆ ಜೋಡಣೆಗೆ ಸೇರಿದ್ದು. 'ನಮ್ಮ ಆಫೀಸಿನಲ್ಲಿ ಸೀರಿಯಲ್ ಕಾಮಾ ಬೇಡ' ಅಂತ ಹೇಳಿದ್ದಾರೆ ಎಂದುಕೊಂಡು ಇದನ್ನೂ ತೆಗೆಯಬೇಡಿ.

'ಆರ್' ಇದ್ದರೂ ಇದೇ ನಿಯಮ. ಆದರೆ 'ಆ್ಯಸ್ ವೆಲ್ ಆ್ಯಸ್' ಅನ್ನೋದು ಆ್ಯಂಡ್‌ಗೆ ಸಮ ಅಲ್ಲ, ಅದನ್ನು ಪಟ್ಟಿಯ ಕೊನೆಯ ಕೊಂಡಿಯಾಗಿ ಬಳಸದೇ ಇರುವುದೇ ಒಳ್ಳೆಯದು. ಕಂಪನಿ ಹೆಸರುಗಳಲ್ಲಿ ಆ್ಯಂಡ್ ಬದಲು ಆ ಸುರುಳಿ ಚಿಹ್ನೆ (&) ಬರುತ್ತದಲ್ಲ, ಅದಕ್ಕೆ ಮುಂಚೆಯೂ ಸಾಮಾನ್ಯವಾಗಿ ಸೀರಿಯಲ್ ಕಾಮಾ ಇಲ್ಲ. ಸೀರಿಯಲ್ ಕಾಮಾದ ದೊಡ್ಡ ಬೆಂಬಲಿಗರಾದ, ಅಮೆರಿಕದ ಬರವಣಿಗೆ ಕೈಪಿಡಿ ಶಿಕಾಗೊ ಮ್ಯಾನ್ಯುಯಲ್‌ನವರೂ ಅಲ್ಲಿ ಬಿಟ್ಟುಬಿಡಿ ಅಂತಾರೆ.

ಎರಡನೆಯದು, ಓದುವವರು ಯಾರು ಅಂತ ಕೇಳಿಕೊಳ್ಳಿ

ಮುಕ್ಕಾಲು ಪಾಲು ಸಲ ಉತ್ತರ ಇಲ್ಲೇ ಸಿಗುತ್ತದೆ.

ಸಾಫ್ಟ್‌ವೇರ್ ಡಾಕ್ಯುಮೆಂಟ್ ಬರೆಯುತ್ತಿದ್ದರೆ ಹಾಕಿ. ಮೈಕ್ರೋಸಾಫ್ಟ್‌ನ ಸ್ಟೈಲ್ ಗೈಡ್ (ಬರವಣಿಗೆಯ ನಿಯಮಗಳ ಕೈಪಿಡಿ) ಮತ್ತು ಗೂಗಲ್‌ನ ಡೆವಲಪರ್ ಡಾಕ್ಯುಮೆಂಟ್‌ಗಳ ಗೈಡ್ ಎರಡೂ ಅದನ್ನೇ ಹೇಳುತ್ತವೆ. ಸಣ್ಣ ಸ್ಟಾರ್ಟಪ್‌ಗಳು ತಮ್ಮದೇ ಗೈಡ್ ಮಾಡಿಕೊಳ್ಳುವ ಗೋಜಿಗೆ ಹೋಗದೆ ಸುಮ್ನೆ ಇವುಗಳಲ್ಲಿ ಒಂದನ್ನು ಹಿಡಿದುಕೊಳ್ಳುತ್ತವೆ. ಪಿಎಚ್‌ಡಿ ಥೀಸಿಸ್, ಜರ್ನಲ್ ಪೇಪರ್ ಆದರೆ ನಿಮ್ಮ ವಿಭಾಗ ಯಾವ ಗೈಡ್ ಹೇಳಿದೆ ನೋಡಿ. ಸಂಶೋಧನಾ ಬರಹಗಳಿಗೆ ಬಳಸುವ ಎಪಿಎ, ಎಂಎಲ್ಎ, ಶಿಕಾಗೊ ಗೈಡ್‌ಗಳು ಮೂರೂ ಹಾಕಿ ಅಂತಲೇ ಹೇಳುತ್ತವೆ. ಎಪಿಎದಲ್ಲಿ ಒಂದು ಕಿರಿಕಿರಿ ಇದೆ. ಕೊನೆಯ ಗ್ರಂಥಸೂಚಿಯಲ್ಲಿ ಇಬ್ಬರೇ ಲೇಖಕರಿದ್ದರೂ ಎರಡನೆಯವರ ಹೆಸರಿಗೆ ಮುಂಚೆ ಸುರುಳಿ ಚಿಹ್ನೆ, ಅದಕ್ಕೂ ಮುಂಚೆ ಕಾಮಾ. ಆದರೆ ಬರಹದ ಒಳಗೆ ಅದೇ ಇಬ್ಬರ ಹೆಸರು ಬಂದಾಗ ಆ ಕಾಮಾ ಮಾಯ. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಗೈಡ್ ಹೇಳಿದ ಹಾಗೆ ಮಾಡಿ.

ಪತ್ರಿಕೆಗೆ ಬರೆಯುವುದಾದರೆ ಬಿಡಿ. ನಮ್ಮ ಇಂಗ್ಲಿಷ್ ಪತ್ರಿಕೆಗಳು ಬ್ರಿಟಿಷ್ ಪತ್ರಿಕೆಗಳ ದಾರಿಯಲ್ಲೇ ನಡೆದುಬಂದಿವೆ, ಸಾದಾ ಪಟ್ಟಿಗೆ ಕೊನೆಯ ಕಾಮಾ ಹಾಕುವುದಿಲ್ಲ. ಅಮೆರಿಕದವರೆಲ್ಲ ಹಾಕುತ್ತಾರೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಅಲ್ಲಿನ ಪತ್ರಕರ್ತರು ಬಳಸುವ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಎಪಿ ಸ್ಟೈಲ್‌ಬುಕ್ ಸರಳ ಪಟ್ಟಿಗೆ ಬೇಡ ಅನ್ನುತ್ತದೆ, ಗೊಂದಲ ಆಗುವ ಕಡೆ ಮಾತ್ರ ಹಾಕಿ ಅನ್ನುತ್ತದೆ. ಬ್ರಿಟನ್ ಅಂದರೆ ಬಿಡುವವರು ಅನ್ನುವುದೂ ಅಷ್ಟೇ ಅರ್ಧ ಸತ್ಯ. ಆ ಕಾಮಾಕ್ಕೆ ಹೆಸರು ಬಂದಿರುವುದೇ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ. ಅಲ್ಲಿನ ಮುದ್ರಣದ ಮುಖ್ಯಸ್ಥ ಹೊರೇಸ್ ಹಾರ್ಟ್ 1893ರಲ್ಲಿ ತಮ್ಮ ಅಕ್ಷರ ಜೋಡಿಸುವವರಿಗಾಗಿ ಒಂದು ನಿಯಮಾವಳಿ ಮಾಡಿದ್ದರು, 1904ರಲ್ಲಿ ಅದು ಹೊರಗಿನವರಿಗೂ ಮಾರಾಟಕ್ಕೆ ಬಂತು. ಇವತ್ತಿಗೂ ಆ ಪ್ರೆಸ್ ಕಾಮಾ ಹಾಕುತ್ತದೆ. ತಮಾಷೆ ನೋಡಿ, 2011ರಲ್ಲಿ ಅದೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಚಾರ ವಿಭಾಗ ತನ್ನ ಸಿಬ್ಬಂದಿಗೆ 'ಸಾಮಾನ್ಯವಾಗಿ ಅದು ಬೇಡ' ಅಂತ ಬರೆದಿದ್ದು ಜನರ ಕಣ್ಣಿಗೆ ಬಿತ್ತು. ಆಕ್ಸ್‌ಫರ್ಡೇ ಆಕ್ಸ್‌ಫರ್ಡ್ ಕಾಮಾ ಕೈಬಿಟ್ಟಿತು ಅಂತ ಟ್ವಿಟರ್ ತುಂಬ ಬೊಬ್ಬೆ. ಪ್ರೆಸ್ ಬೇರೆ, ಪ್ರಚಾರ ವಿಭಾಗ ಬೇರೆ ಅಂತ ವಿವರಿಸುವಷ್ಟರಲ್ಲಿ ಸಾಕಾಗಿಹೋಯಿತು.

ಸರ್ಕಾರಿ ಪತ್ರ, ಕೋರ್ಟ್ ಕಾಗದ ಆದರೆ ನಮ್ಮಲ್ಲಿ ಬಿಡುವುದೇ ರೂಢಿ. ಸಂವಿಧಾನದ ಇಂಗ್ಲಿಷ್ ಪ್ರಸ್ತಾವನೆ ತೆಗೆದು ನೋಡಿ. 'ಲಿಬರ್ಟಿ ಆಫ್ ಥಾಟ್, ಎಕ್ಸ್‌ಪ್ರೆಷನ್, ಬಿಲೀಫ್, ಫೇತ್ ಆ್ಯಂಡ್ ವರ್ಶಿಪ್.' ಫೇತ್ ಆದಮೇಲೆ ಕಾಮಾ ಇಲ್ಲ. ಅದನ್ನು ಉಲ್ಲೇಖಿಸುವಾಗ ನಿಮ್ಮ ಗೈಡ್ ಏನೇ ಹೇಳಲಿ, ನೀವಾಗಿ ಕಾಮಾ ಸೇರಿಸುವ ಹಾಗಿಲ್ಲ. ಬೇರೆಯವರ ಮಾತು, ಪುಸ್ತಕದ ಹೆಸರು, ಇಲಾಖೆಯ ಹೆಸರು ಇವೆಲ್ಲ ಇದ್ದ ಹಾಗೇ ಇರಬೇಕು.

ಗೈಡೂ ಇಲ್ಲ, ಹೇಳುವವರೂ ಇಲ್ಲ ಅಂದರೆ? ನಾನಾಗಿದ್ದರೆ ಹಾಕುತ್ತೇನೆ. ಬಿಟ್ಟಾಗ ಆಗುವ ಗೊಂದಲ ಹಾಕಿದಾಗ ಆಗುವ ಗೊಂದಲಕ್ಕಿಂತ ಜಾಸ್ತಿ ಅಂತ ನನ್ನ ಅನಿಸಿಕೆ. ಬೇಡ ಅನಿಸಿದರೆ ಬಿಡಿ. ಆದರೆ ಒಂದೇ ಪುಟದಲ್ಲಿ ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಡಬೇಡಿ, ಅದೇ ಓದುಗರ ಕಣ್ಣಿಗೆ ಚುಚ್ಚೋದು.

ಮೂರನೆಯದು, ವಾಕ್ಯವನ್ನು ಬೇಕಂತಲೇ ತಪ್ಪಾಗಿ ಓದಿ

ಬರೆದವರಿಗೆ ತಮ್ಮ ವಾಕ್ಯದ ಗೊಂದಲ ಕಾಣುವುದಿಲ್ಲ, ಅರ್ಥ ಮೊದಲೇ ತಲೆಯಲ್ಲಿರುತ್ತದಲ್ಲ. ಅದಕ್ಕೆ ಜಗಳಗಂಟನ ಹಾಗೆ ಓದಬೇಕು. ಥೀಸಿಸ್‌ನ ಮೊದಲ ಪುಟದಲ್ಲಿ ಒಬ್ಬ ವಿದ್ಯಾರ್ಥಿ ಹೀಗೆ ಕೃತಜ್ಞತೆ ಬರೆದ ಅಂತ ಇಟ್ಟುಕೊಳ್ಳಿ:

'ಐ ಥ್ಯಾಂಕ್ ಮೈ ಪೇರೆಂಟ್ಸ್, ದ ವೈಸ್ ಚಾನ್ಸಲರ್ ಆ್ಯಂಡ್ ಚಾಮುಂಡೇಶ್ವರಿ.'

ಅಪ್ಪ ವೈಸ್ ಚಾನ್ಸಲರ್, ಅಮ್ಮ ಸಾಕ್ಷಾತ್ ಚಾಮುಂಡಿ! ಪೇರೆಂಟ್ಸ್ ಅಂದ ಕೂಡಲೇ ಕಾಮಾ ಬಂತು, ಆಮೇಲೆ ಎರಡು ಹೆಸರು ಬಂತು, ಹಾಗಾಗಿ ಆ ಎರಡು ಹೆಸರೂ ಪೇರೆಂಟ್ಸ್‌ನ ವಿವರಣೆ ಅಂತ ಓದಿಸಿಕೊಳ್ಳುತ್ತದೆ. ಚಾನ್ಸಲರ್ ಆದಮೇಲೆ ಒಂದು ಕಾಮಾ ಹಾಕಿ. ಈಗ ಮೂರು ಬೇರೆ ಬೇರೆ ಆದವು. ಸೀರಿಯಲ್ ಕಾಮಾ ಪರ ಇರುವವರು ಎಲ್ಲಾ ಕಡೆ ತೋರಿಸುವುದು ಇಂಥ ವಾಕ್ಯಗಳನ್ನೇ.

ಅವರು ತೋರಿಸದ ಇನ್ನೊಂದು ಮುಖ ಇದೆ. ಅದೇ ವಾಕ್ಯವನ್ನು ಸ್ವಲ್ಪ ತಿರುಗಿಸಿ:

'ಐ ಥ್ಯಾಂಕ್ ಮೈ ಮದರ್, ಚಾಮುಂಡೇಶ್ವರಿ, ಆ್ಯಂಡ್ ದ ವೈಸ್ ಚಾನ್ಸಲರ್.'

ಇಲ್ಲಿ ಸೀರಿಯಲ್ ಕಾಮಾ ಇದೆ, ಗೊಂದಲವೂ ಇದೆ. ಅಮ್ಮನ ಹೆಸರೇ ಚಾಮುಂಡೇಶ್ವರಿ ಅಂತ ಓದಬಹುದು, ಮೈಸೂರು ಕಡೆ ಆ ಹೆಸರಿನ ಅಮ್ಮಂದಿರಿಗೇನು ಕೊರತೆ ಇಲ್ಲ. ಎರಡು ಕಡೆ ಕಾಮಾ ಬಂದಿದ್ದರಿಂದ ನಡುವಿನದು ವಿವರಣೆಯ ಹಾಗೆ ಕಾಣುತ್ತದೆ. ಇಲ್ಲಿ ಕೊನೆಯ ಕಾಮಾ ತೆಗೆದರೆ ಅರ್ಥ ಸರಿಹೋಗುತ್ತದೆ. ಅಂದರೆ ಒಬ್ಬರೇ ಇದ್ದಾಗ ಹಾಕಿದ್ದು ತೊಂದರೆ, ಇಬ್ಬರಿದ್ದಾಗ ಬಿಟ್ಟಿದ್ದು ತೊಂದರೆ. ಕಾಮಾ ಹಾಕಿದರೆ ಯಾವತ್ತೂ ಗೊಂದಲ ಇಲ್ಲ ಅಂತ ಯಾರಾದರೂ ಹೇಳಿದರೆ ಈ ಎರಡು ವಾಕ್ಯ ತೋರಿಸಿ.

ಎರಡಕ್ಕೂ ಔಷಧ ಒಂದೇ, ಕ್ರಮ ಬದಲಿಸುವುದು. 'ಐ ಥ್ಯಾಂಕ್ ಚಾಮುಂಡೇಶ್ವರಿ, ಮೈ ಪೇರೆಂಟ್ಸ್ ಆ್ಯಂಡ್ ದ ವೈಸ್ ಚಾನ್ಸಲರ್.' ಕಾಮಾ ಹಾಕಿದರೂ ಬಿಟ್ಟರೂ ಈಗ ಅರ್ಥ ಅಲುಗಾಡಲ್ಲ. ದೇವರನ್ನು ಮೊದಲು ನೆನೆದ ಹಾಗೂ ಆಯಿತು.

ಇನ್ನು ಜೋಡಿ ಪದಗಳು. ಪೀಣ್ಯದ ಗಾರ್ಮೆಂಟ್ಸ್‌ಗೆ ಯಾರೋ ಮೇಲ್ ಮಾಡುತ್ತಾರೆ: 'ಟೀ ಶರ್ಟ್ಸ್ ಇನ್ ರೆಡ್, ಗ್ರೀನ್, ಬ್ಲ್ಯಾಕ್ ಆ್ಯಂಡ್ ವೈಟ್, ಫಿಫ್ಟಿ ಈಚ್.' ಒಟ್ಟು ಎಷ್ಟು ಶರ್ಟ್? ನಾಲ್ಕು ಬಣ್ಣ ಅಂದರೆ 200. ಬ್ಲ್ಯಾಕ್ ಆ್ಯಂಡ್ ವೈಟ್ ಅನ್ನೋದು ಒಂದೇ ಡಿಸೈನ್ ಅಂದರೆ 150. ಕಾಮಾ ಹಾಕುವ ಅಭ್ಯಾಸ ಇದ್ದವರು ಮೊದಲನೆಯದನ್ನು 'ಬ್ಲ್ಯಾಕ್, ಆ್ಯಂಡ್ ವೈಟ್' ಅಂತ ಬರೆಯುತ್ತಾರೆ, ಎರಡನೆಯದನ್ನು 'ಗ್ರೀನ್, ಆ್ಯಂಡ್ ಬ್ಲ್ಯಾಕ್ ಆ್ಯಂಡ್ ವೈಟ್' ಅಂತ. ವ್ಯತ್ಯಾಸ ಕಾಣುತ್ತದೆ. ಆದರೆ ಆ ಕಡೆ ಓದುವ ಸೂಪರ್‌ವೈಸರ್‌ಗೆ ನಿಮ್ಮ ಅಭ್ಯಾಸ ಏನು ಅಂತ ಹೇಗೆ ಗೊತ್ತಾಗಬೇಕು? ಬಣ್ಣಕ್ಕೊಂದು ಸಾಲು ಮಾಡಿ, ಎದುರಿಗೆ ಸಂಖ್ಯೆ ಬರೆದು, ಕೆಳಗೆ ಒಟ್ಟು 200 ಅಂತ ಹಾಕಿಬಿಡಿ.

ಹೋಟೆಲ್ ಮೆನುವಿನಲ್ಲಿ 'ಇಡ್ಲಿ, ವಡಾ, ಬ್ರೆಡ್ ಆ್ಯಂಡ್ ಜಾಮ್ ಆ್ಯಂಡ್ ಕಾಫಿ' ಅಂತ ಬಂದರೆ ಬ್ರೆಡ್‌ಗೆ ಜಾಮ್ ಜತೆ, ಕಾಫಿ ಬೇರೆ ಅಂತ ನಮಗೆ ಗೊತ್ತು. ಆದರೂ ಜಾಮ್ ಆದಮೇಲೆ ಕಾಮಾ ಹಾಕಿ. ಪಟ್ಟಿಯ ಒಳಗೇ ಒಂದು ಆ್ಯಂಡ್ ಇದ್ದರೆ, 'ಕಾಮಾ ಬೇಡ' ಅನ್ನುವ ಪತ್ರಿಕೆಯವರೂ ಕಾಮಾನ ಒಪ್ಪಿಕೊಳ್ಳುತ್ತಾರೆ.

ನಮ್ಮ ಕೇಂದ್ರ ಸಚಿವಾಲಯಗಳ ಹೆಸರಲ್ಲೂ ಈ ಆಟ ಇದೆ. 'ಪರ್ಸನೆಲ್, ಪಬ್ಲಿಕ್ ಗ್ರೀವೆನ್ಸಸ್ ಆ್ಯಂಡ್ ಪೆನ್ಷನ್ಸ್' ಅಂದರೆ ಮೂರು ಇಲಾಖೆ. 'ಕನ್ಸ್ಯೂಮರ್ ಅಫೇರ್ಸ್, ಫುಡ್ ಆ್ಯಂಡ್ ಪಬ್ಲಿಕ್ ಡಿಸ್ಟ್ರಿಬ್ಯೂಷನ್' ಅಂದರೆ ಎರಡೇ, ಫುಡ್ ಮತ್ತು ಪಬ್ಲಿಕ್ ಡಿಸ್ಟ್ರಿಬ್ಯೂಷನ್ ಸೇರಿ ಒಂದು ಇಲಾಖೆ. ಕಾಮಾ ನೋಡಿದರೆ ಎರಡೂ ಹೆಸರು ಒಂದೇ ಥರ. ಒಳಗಿನ ವಿಷಯ ಗೊತ್ತಿದ್ದವರಿಗೆ ಮಾತ್ರ ಲೆಕ್ಕ ಸಿಗುವುದು.

ದುಡ್ಡು, ಪಾಲು, ಶಿಕ್ಷೆ ಇದ್ದ ಕಡೆ ಕಾಮಾನ ನಂಬಬೇಡಿ

ಸೀರಿಯಲ್ ಕಾಮಾ ಅಂದಾಗ ಎಲ್ಲರೂ ಹೇಳುವ ಕೇಸು ಅಮೆರಿಕದ ಮೇನ್ ರಾಜ್ಯದ್ದು. ಓಕ್‌ಹರ್ಸ್ಟ್ ಅನ್ನುವ ಡೇರಿಯ ಡ್ರೈವರ್‌ಗಳು ಓವರ್‌ಟೈಮ್ ದುಡ್ಡು ಕೇಳಿದರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅನ್ನುವ ಪಟ್ಟಿ ಅಲ್ಲಿನ ಕಾನೂನಿನಲ್ಲಿತ್ತು. ಕ್ಯಾನಿಂಗ್, ಪ್ರೊಸೆಸಿಂಗ್ ಅಂತ ಶುರುವಾಗಿ ಕೊನೆಗೆ 'ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್ ಆಫ್' ಅಂತ ಮುಗಿದು, ಮುಂದೆ ಯಾವ ಯಾವ ಆಹಾರ ವಸ್ತುಗಳು ಅಂತ ಬರುತ್ತಿತ್ತು. ಶಿಪ್‌ಮೆಂಟ್ ಆದಮೇಲೆ ಕಾಮಾ ಇಲ್ಲ. ಡ್ರೈವರ್‌ಗಳು ಹೇಳಿದ್ದು ಇಷ್ಟೇ: ಇಲ್ಲಿ ಹೇಳಿರುವುದು ಪ್ಯಾಕ್ ಮಾಡುವ ಕೆಲಸ, ಸಾಗಿಸಲಿಕ್ಕೋ ಹಂಚಲಿಕ್ಕೋ ಪ್ಯಾಕ್ ಮಾಡುವುದು. ನಾವು ಪ್ಯಾಕ್ ಮಾಡಲ್ಲ, ಹಂಚುತ್ತೇವೆ, ಅದು ಪಟ್ಟಿಯಲ್ಲೇ ಇಲ್ಲ. ಅವರ ಪರ ಇನ್ನೊಂದು ಚಂದದ ವಾದವಿತ್ತು. ಉಳಿದ ಕೆಲಸಗಳೆಲ್ಲ 'ಇಂಗ್' ಅಂತ ಮುಗಿಯುತ್ತವೆ, ಡಿಸ್ಟ್ರಿಬ್ಯೂಷನ್ ಮಾತ್ರ ಶಿಪ್‌ಮೆಂಟ್ ಜತೆ ನಿಲ್ಲುತ್ತದೆ. ಕೆಳಗಿನ ಕೋರ್ಟಿನಲ್ಲಿ ಡೇರಿ ಗೆದ್ದಿತ್ತು. 2017ರ ಮಾರ್ಚ್‌ನಲ್ಲಿ ಅಪೀಲು ಕೋರ್ಟ್ ಈ ವಾಕ್ಯ ಎರಡು ಅರ್ಥ ಕೊಡುತ್ತದೆ, ಅಂಥ ಕಡೆ ಕೆಲಸಗಾರರ ಪರ ಓದಬೇಕು ಅಂತ ಹೇಳಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿ ಆಯಿತು.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ತೀರ್ಪು ಬಂದಮೇಲೆ ನಡೆದದ್ದು. ಕಾನೂನು ತಿದ್ದಿದಾಗ ಅಲ್ಲಿನ ಶಾಸಕರು ಒಂದು ಕಾಮಾ ಸೇರಿಸಿ ಕೈತೊಳೆದುಕೊಳ್ಳಲಿಲ್ಲ. ಪಟ್ಟಿಯ ಕಾಮಾಗಳನ್ನೆಲ್ಲ ತೆಗೆದು ಸೆಮಿಕೋಲನ್ ಹಾಕಿದರು, ಡಿಸ್ಟ್ರಿಬ್ಯೂಷನ್ ಇದ್ದದ್ದನ್ನು ಡಿಸ್ಟ್ರಿಬ್ಯೂಟಿಂಗ್ ಮಾಡಿದರು.

ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಸುಪ್ರೀಂ ಕೋರ್ಟ್ 1979ರಲ್ಲೇ ಇಂಥದ್ದೊಂದು ನೋಡಿದೆ, ಮೊಹಮ್ಮದ್ ಶಬ್ಬೀರ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಅಂತ ವರದಿಯಾದ ಪ್ರಕರಣ. ಔಷಧಿ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ 'ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್, ಸೆಲ್ಸ್, ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್' ಅಂತಿತ್ತು. ಸೆಲ್ಸ್ ಆದಮೇಲೆ ಕಾಮಾ ಇದೆ, ಸ್ಟಾಕ್ಸ್ ಆದಮೇಲೆ ಇಲ್ಲ. ಹಾಗಾಗಿ ಕೊನೆಯ 'ಫಾರ್ ಸೇಲ್' ಸ್ಟಾಕ್ಸ್‌ಗೂ ಸೇರುತ್ತದೆ, ಮಾರುವುದಕ್ಕೆ ಅಂತ ಇಟ್ಟುಕೊಂಡಿದ್ದರೆ ಮಾತ್ರ ಈ ಸೆಕ್ಷನ್‌ನ ಅಪರಾಧ, ಬರೀ ಇಟ್ಟುಕೊಂಡಿದ್ದರೆ ಅಲ್ಲ ಅಂತ ಕೋರ್ಟ್ ಹೇಳಿತು. ಹಾಗಾದರೆ ಕೋರ್ಟುಗಳು ಕಾಮಾಕ್ಕೆ ಬೆಲೆ ಕೊಡುತ್ತವೆ ಅಂತಾಯಿತಲ್ಲ ಅಂತೀರಾ? ಅದೇ ಸುಪ್ರೀಂ ಕೋರ್ಟಿನಲ್ಲಿ 1952ರಲ್ಲಿ, ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ, ವಿರಾಮ ಚಿಹ್ನೆ ಕಾನೂನಿನ ಅರ್ಥ ಮಾಡುವಾಗ ಸಣ್ಣ ಸಂಗತಿ ಅನ್ನುವ ಮಾತೂ ಬಂದಿದೆ. ಯಾವ ದಿನ ಯಾವ ಕಡೆ ವಾಲುತ್ತದೋ ಹೇಳಲು ಬರುವುದಿಲ್ಲ.

ಆದ್ದರಿಂದ ಬಾಡಿಗೆ ಕರಾರು, ಪಾಲುದಾರಿಕೆ ಪತ್ರ, ವಿಲ್ ಇಂಥವುಗಳಲ್ಲಿ ಕಾಮಾ ಮೇಲೆ ಭಾರ ಹಾಕಬೇಡಿ. 'ಮೈ ಸೈಟ್ ಶಲ್ ಬಿ ಡಿವೈಡೆಡ್ ಈಕ್ವಲಿ ಬಿಟ್ವೀನ್ ರವಿ, ಸುಮಾ ಆ್ಯಂಡ್ ಗಿರೀಶ್' ಅಂತ ಬರೆದರೆ ಯಾರಾದರೂ ಒಬ್ಬರು ರವಿಗೆ ಅರ್ಧ, ಸುಮಾ ಗಿರೀಶ್ ಇಬ್ಬರಿಗೂ ಸೇರಿ ಇನ್ನರ್ಧ ಅಂತ ವಾದ ಹೂಡಲಿಕ್ಕೆ ಸಾಕು. ವಾದ ನಿಲ್ಲುತ್ತದೋ ಬಿಡುತ್ತದೋ, ವಕೀಲರ ಫೀಸಂತೂ ಹೋಯಿತು. ರವಿಗೆ ಮೂರನೇ ಒಂದು, ಸುಮಾಗೆ ಮೂರನೇ ಒಂದು, ಗಿರೀಶ್‌ಗೆ ಮೂರನೇ ಒಂದು ಅಂತ ಮೂರು ಸಾಲಿನಲ್ಲಿ ಬರೆಸಿ. ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಮೊದಲೇ ಬರೆಸಿ, ಆಮೇಲೆ ತಿದ್ದುಪಡಿ ಅಂತ ಮತ್ತೆ ಓಡಾಡೋದು ಯಾರಿಗೆ ಬೇಕು.

ಪಟ್ಟಿಯ ಒಳಗೇ ಕಾಮಾ ಇದ್ದರೆ

ಸೆಮಿಕೋಲನ್ ಹಾಕಿ. 'ಹಾಸನ್, ಕರ್ನಾಟಕ; ಈರೋಡ್, ತಮಿಳುನಾಡು; ಆ್ಯಂಡ್ ಕರ್ನೂಲ್, ಆಂಧ್ರ ಪ್ರದೇಶ್.' ಇಲ್ಲಿ ಆ್ಯಂಡ್‌ಗೆ ಮುಂಚೆಯೂ ಸೆಮಿಕೋಲನ್ ಇರಲಿ, ಸೀರಿಯಲ್ ಕಾಮಾ ಬೇಡ ಅನ್ನುವ ಆಫೀಸಿನಲ್ಲೂ ಇರಲಿ. ಇಲ್ಲದಿದ್ದರೆ ಕೊನೆಯ ಎರಡು ಊರು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರೇಳಕ್ಕಿಂತ ಜಾಸ್ತಿ ಇದ್ದರೆ ಬುಲೆಟ್ ಪಾಯಿಂಟ್ ಮಾಡಿಬಿಡಿ.

ಕನ್ನಡಕ್ಕೆ ಇದನ್ನು ತರಬೇಡಿ

ಆ್ಯಪ್‌ಗಳನ್ನು ಕನ್ನಡಕ್ಕೆ ತರುವವರು ಇದನ್ನು ಗಮನಿಸಬೇಕು. 'ನಿಮ್ಮ ಹೆಸರು, ವಿಳಾಸ, ಮತ್ತು ಫೋನ್ ನಂಬರ್' ಅಂತ 'ಮತ್ತು'ಗೆ ಮುಂಚೆ ಕಾಮಾ ಕಂಡರೆ ಇಂಗ್ಲಿಷ್ ಕಡತದಿಂದ ಹಾಗೇ ಇಳಿದು ಬಂದಿದೆ ಅಂತ ಅರ್ಥ. ಕನ್ನಡದಲ್ಲಿ 'ಹೆಸರು, ವಿಳಾಸ ಮತ್ತು ಫೋನ್ ನಂಬರ್' ಅಂದರೆ ಸಾಕು. ಎಷ್ಟೋ ಕಡೆ 'ಮತ್ತು' ಕೂಡ ಬೇಡ, 'ಹೆಸರು, ವಿಳಾಸ, ಫೋನ್ ನಂಬರ್ ಕೊಡಿ' ಅಂದರೇ ನಾವು ಮಾತಾಡುವ ಹಾಗಿರುತ್ತದೆ.

ಕೊನೆಗೆ, ಇಡೀ ಕಡತವನ್ನು ಒಮ್ಮೆ ಜಾಲಾಡಿ

ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಅಂತ ಹೋದರೆ ವ್ಯಾಕರಣದ ಸೆಟ್ಟಿಂಗ್ಸ್ ಸಿಗುತ್ತದೆ. ಅದರಲ್ಲಿ ಆಕ್ಸ್‌ಫರ್ಡ್ ಕಾಮಾ ಬಗ್ಗೆ ಒಂದು ಆಯ್ಕೆ ಇರುತ್ತದೆ, ಆನ್ ಮಾಡಿಕೊಳ್ಳಿ. ಆವೃತ್ತಿಯಿಂದ ಆವೃತ್ತಿಗೆ ಜಾಗ ಸ್ವಲ್ಪ ಆಚೀಚೆ ಆಗುತ್ತದೆ, ಹುಡುಕಬೇಕು. ಅದು ತೋರಿಸಿದ್ದನ್ನೆಲ್ಲ ಒಪ್ಪಬೇಡಿ. ಚಾಮುಂಡೇಶ್ವರಿ ಅಮ್ಮನಾ ದೇವಿಯಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಕಾಮಾ ತೆಗೆಯಬೇಕಾದಾಗ ಕೆಲವರು ಫೈಂಡ್‌ನಲ್ಲಿ 'ಕಾಮಾ, ಸ್ಪೇಸ್, ಆ್ಯಂಡ್' ಕೊಟ್ಟು ರಿಪ್ಲೇಸ್ ಆಲ್ ಒತ್ತಿಬಿಡುತ್ತಾರೆ. ದಯವಿಟ್ಟು ಬೇಡ. ಬಸ್ ಲೇಟಾಗಿ ಟ್ರೇನ್ ತಪ್ಪಿದ ವಾಕ್ಯದಂಥವೂ ಅದರಲ್ಲಿ ಕೊಚ್ಚಿಹೋಗುತ್ತವೆ, ಉಲ್ಲೇಖಗಳೂ ಹಾಳಾಗುತ್ತವೆ. ಫೈಂಡ್ ನೆಕ್ಸ್ಟ್ ಒತ್ತುತ್ತಾ ಒಂದೊಂದೇ ನೋಡಿ. 'ಆರ್'ಗೂ ಒಂದು ಸುತ್ತು ಹಾಕಿ, ಅದನ್ನು ಎಲ್ಲರೂ ಮರೆಯುತ್ತಾರೆ.

ತಂಡದಲ್ಲಿ ಇದರ ಬಗ್ಗೆ ಜಗಳ ಬಂದರೆ, ಬಂದೇ ಬರುತ್ತದೆ, ಜಾಸ್ತಿ ಎಳೆಯಬೇಡಿ. 2020ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಿದ್ದಕ್ಕೆ ಹೊರಡಿಸಿದ 50 ಪೆನ್ಸ್ ನಾಣ್ಯದ ಮೇಲೆ 'ಪೀಸ್, ಪ್ರಾಸ್ಪೆರಿಟಿ ಆ್ಯಂಡ್ ಫ್ರೆಂಡ್‌ಶಿಪ್' ಅಂತಿತ್ತು. ಕಾಮಾ ಇಲ್ಲ ಅಂತ ಲೇಖಕ ಫಿಲಿಪ್ ಪುಲ್ಮನ್ ಆ ನಾಣ್ಯವನ್ನೇ ಬಹಿಷ್ಕರಿಸಿ ಅಂದರು. ಅಷ್ಟು ದೂರ ಹೋಗುವವರ ಜತೆ ವಾದ ಮಾಡಿ ಗೆಲ್ಲಲಾಗುವುದಿಲ್ಲ. ತಂಡದ ಹಂಚಿಕೆಯ ಫೋಲ್ಡರ್‌ನಲ್ಲಿ ಒಂದು ಪುಟ ತೆರೆಯಿರಿ. 'ಸೀರಿಯಲ್ ಕಾಮಾ: ಹಾಕುತ್ತೇವೆ' ಅಂತಲೋ 'ಗೊಂದಲ ಇದ್ದರೆ ಮಾತ್ರ' ಅಂತಲೋ ಒಂದು ಸಾಲು ಬರೆದು, ಕೆಳಗೆ ನಿಮ್ಮದೇ ಕೆಲಸದಿಂದ ಎರಡು ಉದಾಹರಣೆ ಹಾಕಿ. ಹೊಸಬರು ಸೇರಿದ ದಿನವೇ ಅದರ ಲಿಂಕ್ ಕೊಡಿ.